ಮನೆಗೆ ಬರುವ ಇಂಗ್ಲಿಷು

ಮುಂಬಯಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬವೊಂದರ ಬಾಗಿಲಿಗೆ ತಿಂಗಳೊಂದರಲ್ಲಿ ಎಷ್ಟು ಕಾಗದಗಳು ಬರುತ್ತವೆಂದು ಯಾರಾದರೂ ಎಣಿಸಿದ್ದುಂಟೆ? ವಿದ್ಯುತ್ತಿನ ಬಿಲ್ಲು, ಹೌಸಿಂಗ್ ಸೊಸಾಯಿಟಿಯ ನೋಟೀಸು, ಮಕ್ಕಳ ಶಾಲೆಯ ಸುತ್ತೋಲೆ, ಬ್ಯಾಂಕಿನ ಪತ್ರ, ವಿಮೆಯ ರಸೀದಿ. ಹಿರಿಯರಿರುವ ಮನೆಯಾದರೆ ರಕ್ತ ತಪಾಸಣೆಯ ವರದಿ. ಈಗೀಗ ಇವುಗಳಲ್ಲಿ ಅರ್ಧದಷ್ಟು ಮೊಬೈಲಿನಲ್ಲಿಯೇ ಬಂದು ಕೂರುತ್ತವೆ. ಕೆಲವು ಮರಾಠಿಯಲ್ಲಿರುತ್ತವೆ, ಉಳಿದುವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರುವುದೆಂದರೆ ಊರಿನಿಂದ ಮದುವೆಯ ಲಗ್ನಪತ್ರಿಕೆ ಮತ್ತು ಮೂರು ತಿಂಗಳಿಗೊಮ್ಮೆ ನಮ್ಮ ಸಂಘದ ಈ ಪತ್ರಿಕೆ, ಅಷ್ಟೇ.

ಈ ಕಾಗದಗಳನ್ನು ಮನೆಯಲ್ಲಿ ಓದುವವರು ಯಾರು? ಬಹುಮಟ್ಟಿಗೆ ಹೊರಗೆ ದುಡಿಯಲು ಹೋಗುವ ಒಬ್ಬರು, ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುವ ಮಗನೋ ಮಗಳೋ. ಅವರು ಮನೆಗೆ ಬರುವ ತನಕ ಕಾಗದವು ಫ್ರಿಜ್ಜಿನ ಮೇಲೆ ಕಾದಿರುತ್ತದೆ. ಉಳಿದವರಿಗೆ ಓದು ಬಾರದೆಂದಲ್ಲ. ಧಾರವಾಡದಲ್ಲಿಯೋ ಕುಂದಾಪುರದಲ್ಲಿಯೋ ಕನ್ನಡ ಶಾಲೆ ಕಲಿತು, ಮದುವೆಯಾಗಿ ಈ ಊರಿಗೆ ಬಂದ ನಮ್ಮ ತಾಯಂದಿರು, ಅಕ್ಕತಂಗಿಯರು ಅಕ್ಷರ ಕೂಡಿಸಿ ಇಂಗ್ಲಿಷು ಓದಬಲ್ಲರು. ಎಷ್ಟೋ ಶಬ್ದಗಳ ಅರ್ಥವನ್ನೂ ಬಲ್ಲರು. ಆದರೂ ವಾಕ್ಯ ಮುಗಿಯುವ ಹೊತ್ತಿಗೆ ಅನುಮಾನ ಹುಟ್ಟಿ ಕಾಗದವನ್ನು ಮಡಚಿ ಇಟ್ಟುಬಿಡುತ್ತಾರೆ. ಇದಕ್ಕೆ ಕಾರಣವೇನು, ಉಪಾಯವೇನು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ. ನಾವು ಭಾಷಾಪಂಡಿತರಲ್ಲ, ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವರು. ಬಿ.ಎ. ಪದವಿಗಾಗಿ ಓದಿದ ಇಂಗ್ಲಿಷಿಗಿಂತ ಹೆಚ್ಚನ್ನು ಫೈಲುಗಳಿಂದ ಕಲಿತವರು. ಆದುದರಿಂದ ಇಲ್ಲಿ ಹೇಳುವುದೆಲ್ಲ ಕಾಗದಗಳ ಮಾತೇ ಹೊರತು ಕಾವ್ಯದ ಮಾತಲ್ಲ.

ಬೆಕ್ಕಿನಿಂದ ಮುಂದೆ

ಶಾಲೆಯಲ್ಲಿ ನಾವೆಲ್ಲರೂ ಇಂಗ್ಲಿಷು ಕಲಿತ ಬಗೆ ಒಂದೇ. ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಕನ್ನಡ ಶಬ್ದ, ನಡುವೆ ಒಂದು ಗೆರೆ. ಕ್ಯಾಟ್ ಎಂದರೆ ಬೆಕ್ಕು, ಕೌ ಎಂದರೆ ಆಕಳು. ಬೆಕ್ಕು, ಆಕಳುಗಳ ಮಟ್ಟಿಗೆ ಈ ಕ್ರಮ ಚೆನ್ನಾಗಿಯೇ ನಡೆಯುತ್ತದೆ. ಬೆಕ್ಕು ಯಾವ ದೇಶಕ್ಕೆ ಹೋದರೂ ಬೆಕ್ಕೇ. ಆದರೆ ಉಳಿದ ಮಾತುಗಳಿಗೆ ಬಂದೊಡನೆ ಆ ನಡುವಿನ ಗೆರೆ ವಕ್ರವಾಗತೊಡಗುತ್ತದೆ.

'ಕೇಳು' ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ದಾರಿ ಕೇಳುತ್ತೇವೆ, ಸದ್ದು ಕೇಳುತ್ತದೆ, ಹಾಡು ಕೇಳುತ್ತೇವೆ. ಇಂಗ್ಲಿಷಿನವರಿಗೆ ಇವು ಮೂರು ಬೇರೆ ಬೇರೆ ಕೆಲಸಗಳು. ಉತ್ತರ ಬಯಸಿ ಬಾಯಿಬಿಟ್ಟರೆ 'ಆಸ್ಕ್'. ತಾನಾಗಿ ಕಿವಿಗೆ ಬಿದ್ದರೆ 'ಹಿಯರ್'. ಮನಸ್ಸಿಟ್ಟು ಕಿವಿಗೊಟ್ಟರೆ 'ಲಿಸನ್'. 'ಐ ಹರ್ಡ್ ಯೂ, ಬಟ್ ಐ ವಾಸ್ ನಾಟ್ ಲಿಸನಿಂಗ್' ಎಂದರೆ 'ನಿನ್ನ ಮಾತು ಕಿವಿಗೆ ಬಿತ್ತು, ಆದರೆ ನಾನು ಕಿವಿಗೊಡಲಿಲ್ಲ' ಎಂದರ್ಥ. ಗಂಡನಾದವನು ಇದನ್ನೇ 'ಕೇಳು' ಎಂಬ ಒಂದೇ ಮಾತಿನಿಂದ ಹೇಳಹೊರಟರೆ 'ಕೇಳಿದೆ, ಆದರೆ ಕೇಳಲಿಲ್ಲ' ಎಂದಾಗಿ ಜಗಳ ಇನ್ನೂ ಬೆಳೆದೀತು.

'ನೋಡು' ಎಂಬುದರದೂ ಇದೇ ಕಥೆ. ಕಣ್ಣಿಗೆ ಬಿದ್ದರೆ 'ಸೀ'. ಬೇಕೆಂದು ಆ ಕಡೆ ಕಣ್ಣು ಹಾಯಿಸಿದರೆ 'ಲುಕ್'. ನಡೆಯುತ್ತಿರುವ ಸಂಗತಿಯ ಮೇಲೆ ಕಣ್ಣಿಟ್ಟಿದ್ದರೆ 'ವಾಚ್'. ಒಲೆಯ ಮೇಲಿನ ಹಾಲನ್ನು 'ವಾಚ್' ಮಾಡಬೇಕು. 'ಸೀ' ಮಾಡುವ ಹೊತ್ತಿಗೆ ಅದು ಉಕ್ಕಿ ಹರಿದಿರುತ್ತದೆ.

ಹಾಗೆಂದು ಕನ್ನಡದಲ್ಲಿ ಶಬ್ದಗಳ ಬಡತನವೆಂದು ಯಾರೂ ತಿಳಿಯಬಾರದು. ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಇಂಗ್ಲಿಷಿನವರು ಪಾಪ, ಇವೆಲ್ಲಕ್ಕೂ 'ವೇರ್' ಎಂಬ ಒಂದೇ ಮಾತಿನಿಂದ ಸುಧಾರಿಸಿಕೊಳ್ಳುತ್ತಾರೆ. ಎರಡು ಭಾಷೆಗಳು ಲೋಕವನ್ನು ಬೇರೆ ಬೇರೆ ಗೆರೆ ಎಳೆದು ಪಾಲು ಮಾಡಿಕೊಂಡಿವೆ. ಒಂದರ ಪಾಲಿನ ಮೇಲೆ ಇನ್ನೊಂದರ ಪಾಲು ಸರಿಯಾಗಿ ಕೂರುವುದು ಅಪರೂಪ.

ಬೇಲಿ ಮತ್ತು ನೆರೆಹೊರೆ

ಹೀಗಿರಲು ಶಬ್ದವೊಂದನ್ನು ಅರಿಯುವ ಬಗೆ ಯಾವುದು? ಎರಡು ಬೇಕು. ಒಂದು ವ್ಯಾಖ್ಯೆ, ಅಂದರೆ ಶಬ್ದದ ಅರ್ಥ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಒಂದು ಪೂರ್ತಿ ವಾಕ್ಯದಲ್ಲಿ ಹೇಳುವುದು. ಇದು ಹೊಲಕ್ಕೆ ಹಾಕಿದ ಬೇಲಿಯಂತೆ. ಇನ್ನೊಂದು ಉದಾಹರಣೆಯ ವಾಕ್ಯ, ಅಂದರೆ ಆ ಶಬ್ದ ಯಾರ ಮಗ್ಗುಲಲ್ಲಿ ಬಾಳುತ್ತದೆಂಬುದನ್ನು ತೋರಿಸುವುದು. ಇದು ಅದರ ನೆರೆಹೊರೆ.

ಬೇಲಿ ಏಕೆ ಬೇಕೆಂಬುದಕ್ಕೆ ಒಂದು ದೃಷ್ಟಾಂತ. ಸಕ್ಕರೆ ಕಾಯಿಲೆಯ ತಪಾಸಣೆಗೆ ಬರೆದುಕೊಡುವ ಚೀಟಿಯಲ್ಲಿ 'ಫಾಸ್ಟಿಂಗ್' ಎಂಬ ಶಬ್ದವಿರುತ್ತದೆ. ಫಾಸ್ಟಿಂಗ್ ಎಂದರೆ ಉಪವಾಸ. ಇದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮನೆಗಳಲ್ಲಿ ಉಪವಾಸವೆಂದರೆ ಏನು? ಏಕಾದಶಿಯ ದಿನ ಅನ್ನ ಬಿಟ್ಟು ಹಾಲು, ಹಣ್ಣು ತೆಗೆದುಕೊಂಡರೆ ಅದೂ ಉಪವಾಸ. ಈ ಊರಿನ ರೂಢಿಯಂತೆ ಸಾಬೂದಾಣಿಯ ಖಿಚಡಿ ತಿಂದರೆ ಅದೂ ಉಪವಾಸವೇ. ಹೀಗೆ ಶಾಸ್ತ್ರೋಕ್ತವಾಗಿ ಉಪವಾಸವಿದ್ದು, ಬಾಳೆಹಣ್ಣು ತಿಂದು, ಒಂದು ಲೋಟ ಹಾಲು ಕುಡಿದು ರಕ್ತ ಕೊಡಲು ಹೋದ ಅಜ್ಜಿಯರನ್ನು ನಾವು ಬಲ್ಲೆವು. ವೈದ್ಯರ ಫಾಸ್ಟಿಂಗಿಗೆ ಬೇಲಿಯೇ ಬೇರೆ: 'ಎಂಟು ತಾಸಾದರೂ ನೀರಿನ ಹೊರತು ಏನನ್ನೂ ಬಾಯಿಗೆ ಹಾಕದಿರುವುದು.' ಈ ಒಂದು ವಾಕ್ಯವನ್ನು ಮೊದಲೇ ಹೇಳಿದ್ದರೆ ಅಜ್ಜಿಯು ಮರುದಿನ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತಿರಲಿಲ್ಲ.

ಇನ್ನು ನೆರೆಹೊರೆ. ನಾವು ಕಡಕ್ ಚಹಾ ಎನ್ನುತ್ತೇವೆ, ಜೋರು ಮಳೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಚಹಾ 'ಸ್ಟ್ರಾಂಗ್', ಮಳೆ 'ಹೆವಿ'. ಚಹಾ ಹೆವಿಯಾಗಲಾರದು, ಮಳೆ ಸ್ಟ್ರಾಂಗ್ ಆಗಲಾರದು. ತಪ್ಪನ್ನು 'ಮೇಕ್' ಮಾಡುತ್ತಾರೆ, ಮನೆಪಾಠವನ್ನು 'ಡೂ' ಮಾಡುತ್ತಾರೆ, ಔಷಧವನ್ನು 'ಟೇಕ್' ಮಾಡುತ್ತಾರೆ. ಇದಕ್ಕೆ ನಿಯಮ ಹುಡುಕಿ ಫಲವಿಲ್ಲ. ಮದುವೆಯ ಸಂಬಂಧಗಳಂತೆ ಯಾವುದು ಯಾವುದರ ಜೊತೆ ಕೂಡಿಬಂದಿದೆಯೋ ಅದೇ ನಿಯಮ. ಅದನ್ನು ಕಲಿಸುವುದು ವಾಕ್ಯವೊಂದೇ. 'ಲೆಂಡ್', 'ಬಾರೋ' ಎಂಬ ಜೋಡಿಯನ್ನು ನೋಡಿ. ಎರಡರಲ್ಲಿಯೂ ಸಾಲದ ಮಾತೇ. 'ಪ್ಲೀಸ್ ಲೆಂಡ್ ಮಿ ಯುವರ್ ಅಂಬ್ರೆಲಾ' ಎಂದರೆ ಕೊಡೆಯನ್ನು ಕಡ ಕೊಡಿ. 'ಮೇ ಐ ಬಾರೋ ಯುವರ್ ಅಂಬ್ರೆಲಾ' ಎಂದರೆ ಕೊಡೆಯನ್ನು ಕಡ ತೆಗೆದುಕೊಳ್ಳಲೇ. ಕೊಡುವವರ ಕೈಯಿಂದ ನೋಡಿದರೆ ಒಂದು, ತೆಗೆದುಕೊಳ್ಳುವವರ ಕೈಯಿಂದ ನೋಡಿದರೆ ಇನ್ನೊಂದು. ಈ ಎರಡು ವಾಕ್ಯಗಳನ್ನು ಒಮ್ಮೆ ಆಡಿದವರಿಗೆ ಆ ಶಬ್ದಗಳು ಮತ್ತೆ ಅದಲುಬದಲಾಗುವುದಿಲ್ಲ.

ಒಂದು ಬ್ಯಾಂಕ್ ಕಾಗದ

ಇದೆಲ್ಲ ಮಕ್ಕಳ ಪಾಠವಾಯಿತು, ದೊಡ್ಡವರಿಗೆ ಇದರಿಂದ ಏನಾಗಬೇಕಾಗಿದೆ ಎಂದು ಕೆಲವರು ಕೇಳಬಹುದು. ಅವರಿಗಾಗಿ ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ.

ನಮ್ಮ ಪಕ್ಕದ ಕಟ್ಟಡದಲ್ಲಿ ಗದಗದ ಕಡೆಯ ದಂಪತಿಗಳಿದ್ದಾರೆ. ಮಕ್ಕಳು ದೂರದಲ್ಲಿದ್ದಾರೆ. ಯಜಮಾನರಿಗೆ ಒಂದು ದಿನ ಏಕಾಏಕಿ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು. ಆಸ್ಪತ್ರೆಗೆ ಸೇರಿಸಿದ್ದಾಯಿತು, ಮುಂಗಡ ಕಟ್ಟಬೇಕಾಗಿತ್ತು. ಬ್ಯಾಂಕಿನಲ್ಲಿ ಹಣವಿತ್ತು, ಖಾತೆ ಇಬ್ಬರ ಹೆಸರಿನಲ್ಲಿಯೂ ಇತ್ತು. ಕಾಕೂ ಅವರು ಪಾಸ್‌ಬುಕ್ಕು ಹಿಡಿದು ಧೈರ್ಯವಾಗಿ ಹೋದರು, ಬರಿಗೈಯಲ್ಲಿ ಹಿಂದಿರುಗಿದರು. ಸಂಜೆ ನಮ್ಮನ್ನು ಕರೆದು ಖಾತೆಯ ಕಾಗದವನ್ನು ಮುಂದಿಟ್ಟರು.

"ತಮ್ಮಾ, ನನ್ನ ಹೆಸರು ಇದರಾಗ ಐತಿ ನೋಡು. ಆದರೂ ರೊಕ್ಕ ಕೊಡಾಂಗಿಲ್ಲ ಅಂತಾರ. ಈ 'ಫಾರ್ಮರ್' ಅಂದ್ರ ರೈತ ಅಲ್ಲೇನು? ನಮ್ಮ ಹೊಲ ಮಾರಿ ಇಪ್ಪತ್ತು ವರ್ಷ ಆತು. ಇದರಾಗ ರೈತ ಯಾಂವ ಬಂದ?"

ಕಾಗದದಲ್ಲಿದ್ದುದು 'ಫಾರ್ಮರ್ ಆರ್ ಸರ್ವೈವರ್' ಎಂಬ ಸೂಚನೆ. ರೈತನೆಂಬ ಅರ್ಥದ ಫಾರ್ಮರ್ ಬೇರೆ, ಇದು ಬೇರೆ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಕಿವಿಗೂ ಹೆಚ್ಚುಕಡಿಮೆ ಒಂದೇ.

"ರೈತ ಅಲ್ರೀ ಕಾಕೂ. ಇಬ್ಬರ ಹೆಸರಿದ್ರ ಅದರಾಗ ಮೊದಲಿನವರು ಅಂತ. ಕಾಕಾರ ಹೆಸರು ಮೊದಲು ಐತಿ."

"ಹಂಗಾರ ನಾ ಏನು?"

ಆ ಪ್ರಶ್ನೆಗೆ ಉತ್ತರ ಎರಡನೆಯ ಶಬ್ದದಲ್ಲಿತ್ತು. 'ಸರ್ವೈವರ್' ಎಂದರೆ ಜೊತೆಯವರು ತೀರಿಕೊಂಡ ಮೇಲೆ ಬದುಕಿ ಉಳಿದವರು. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಹೆಂಡತಿಯ ಎದುರು ಕೂತು ಈ ವ್ಯಾಖ್ಯೆಯನ್ನು ಹೇಳಲು ಯಾರಿಗೆ ನಾಲಗೆ ಏಳುತ್ತದೆ? "ನಿಮ್ಮ ಪಾಳಿ ಈಗಿಲ್ರೀ, ಕಾಕಾರ ಸಹೀನೇ ಬೇಕು" ಎಂದಷ್ಟೇ ಹೇಳಿದೆವು. ಅವರು ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. "ತಿಳೀತು ಬಿಡಪಾ" ಎಂದು ಮಡಚಿ ಪಾಸ್‌ಬುಕ್ಕಿನೊಳಗಿಟ್ಟರು.

ಬ್ಯಾಂಕಿನವರದು ತಪ್ಪಿರಲಿಲ್ಲ. ಆ ಸೂಚನೆಯಿರುವ ಖಾತೆಯಲ್ಲಿ ಮೊದಲ ಹೆಸರಿನವರು ಜೀವಂತರಿರುವ ತನಕ ಹಣ ತೆಗೆಯುವ ಅಧಿಕಾರ ಅವರೊಬ್ಬರದೇ. ನೆರೆಹೊರೆಯವರು ಸೇರಿ ಮುಂಗಡದ ಹಣ ಹೊಂದಿಸಿದರು. ಎರಡು ದಿನಗಳ ಮೇಲೆ ಬ್ಯಾಂಕಿನ ಅಧಿಕಾರಿಯೊಬ್ಬರು ಆಸ್ಪತ್ರೆಗೇ ಬಂದು, ಸಾಕ್ಷಿಗಳ ಸಮಕ್ಷಮದಲ್ಲಿ ರೋಗಿಯ ಹೆಬ್ಬೆಟ್ಟಿನ ಗುರುತು ಪಡೆದು ಹಣ ಕೊಡಿಸಿದರು. ಹೀಗೊಂದು ವ್ಯವಸ್ಥೆಯಿದೆಯೆಂಬುದೂ ಎಲ್ಲರೂ ತಿಳಿದಿರತಕ್ಕ ವಿಷಯವೇ. ಯಜಮಾನರು ಗುಣವಾಗಿ ಮನೆಗೆ ಬಂದ ಮೇಲೆ ದಂಪತಿಗಳು ಮಾಡಿದ ಮೊದಲ ಕೆಲಸವೆಂದರೆ ಇಬ್ಬರೂ ಬ್ಯಾಂಕಿಗೆ ಹೋಗಿ ಆ ಸೂಚನೆಯನ್ನು 'ಐದರ್ ಆರ್ ಸರ್ವೈವರ್' ಎಂದು ಬದಲಾಯಿಸಿದ್ದು. 'ಐದರ್' ಎಂದರೆ ಇಬ್ಬರಲ್ಲಿ ಯಾರಾದರೊಬ್ಬರು. ಒಂದು ಶಬ್ದ ಬದಲಾಯಿತು. ಕಾಕೂ ಅವರ ಸಹಿಗೆ ಬೆಲೆ ಬಂತು.

ಕಾಗದಗಳಿಂದ ಆಯ್ದ ಕೆಲವು ಶಬ್ದಗಳು

ಇಂತಹ ಶಬ್ದಗಳು ಇನ್ನೂ ಹಲವಿವೆ. ಪ್ರತಿ ಮನೆಯ ಉಪಯೋಗಕ್ಕೆ ಬರುವ ಕೆಲವನ್ನು ವ್ಯಾಖ್ಯೆ, ವಾಕ್ಯಗಳ ಸಮೇತ ಇಲ್ಲಿ ಕೊಡುತ್ತೇವೆ.

ನಾಮಿನಿ: ಖಾತೆದಾರರು ತೀರಿಕೊಂಡರೆ ಹಣವನ್ನು ಪಡೆಯಲು ಅವರು ಮೊದಲೇ ಹೆಸರಿಸಿಟ್ಟ ವ್ಯಕ್ತಿ. 'ಶೀ ಇಸ್ ಮೈ ನಾಮಿನಿ'. ಬಹುಜನರು ಇದನ್ನು 'ವಾರಸುದಾರ' ಎಂದು ತಿಳಿಯುತ್ತಾರೆ. ಬ್ಯಾಂಕ್ ಠೇವಣಿಯ ಮಟ್ಟಿಗೆ ಅದು ಸರಿಯಲ್ಲ. ನಾಮಿನಿಯ ಕೈಗೆ ಬ್ಯಾಂಕು ಹಣ ಕೊಡುತ್ತದೆ. ಆದರೆ ಆ ಹಣ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಣಯಿಸುವುದು ಉತ್ತರಾಧಿಕಾರದ ಕಾಯಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ತರುವಾಯ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ಮಕ್ಕಳನ್ನು ನಾಮಿನಿಯನ್ನಾಗಿ ಮಾಡಿದ್ದರೆ ಸಾಮಾನ್ಯವಾಗಿ ಹಣ ಅವರದೇ ಆಗುತ್ತದೆ.

ಮಿನಿಮಮ್ ಅಮೌಂಟ್ ಡ್ಯೂ: ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ, ಗೊತ್ತಾದ ದಿನದೊಳಗೆ ಕಟ್ಟಲೇಬೇಕಾದ ಅತಿ ಕಡಿಮೆ ಮೊತ್ತ. 'ಮಿನಿಮಮ್' ಎಂಬುದನ್ನು 'ಇಷ್ಟು ಕಟ್ಟಿದರೆ ಸಾಕು' ಎಂದು ಓದಿಕೊಂಡವರು ಬಹಳ. ಅಷ್ಟು ಕಟ್ಟಿದರೆ ತಡವಾದುದರ ದಂಡ ತಪ್ಪುತ್ತದೆ. ಉಳಿದ ಹಣಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಬೈ, ಟಿಲ್: ಶಾಲೆಯ ಸುತ್ತೋಲೆಗಳಲ್ಲಿ ಇವು ಹೆಚ್ಚು. 'ಸಬ್ಮಿಟ್ ದ ಫಾರ್ಮ್ ಬೈ ಫ್ರೈಡೇ' ಎಂದರೆ ಶುಕ್ರವಾರದೊಳಗೆ ಕೊಡಿ. 'ದ ಆಫೀಸ್ ಇಸ್ ಓಪನ್ ಟಿಲ್ ಫ್ರೈಡೇ' ಎಂದರೆ ಶುಕ್ರವಾರದವರೆಗೂ ತೆರೆದಿರುತ್ತದೆ. ಒಮ್ಮೆ ಆಗಿಹೋಗುವ ಕೆಲಸಕ್ಕೆ 'ಬೈ', ನಡೆದೇ ಇರುವ ಕೆಲಸಕ್ಕೆ 'ಟಿಲ್'. ನಮ್ಮ 'ಒಳಗೆ', 'ವರೆಗೆ' ಎಂಬೆರಡು ಮಾತುಗಳು ಈ ಭೇದವನ್ನು ಎಷ್ಟು ಚೊಕ್ಕವಾಗಿ ಹಿಡಿದಿವೆ!

ಅಕ್ಯೂಟ್, ಕ್ರಾನಿಕ್: ಎರಡನ್ನೂ ನಮ್ಮವರು 'ಬಹಳ ಜೋರಾದ ರೋಗ' ಎಂದು ಓದಿ ಗಾಬರಿಯಾಗುತ್ತಾರೆ. ವೈದ್ಯರ ಭಾಷೆಯಲ್ಲಿ ಇವು ಕಾಲವನ್ನು ಹೇಳುವ ಶಬ್ದಗಳು. ಥಟ್ಟನೆ ಕಾಣಿಸಿಕೊಂಡದ್ದು ಅಕ್ಯೂಟ್. ಬಹುಕಾಲದಿಂದ ಇರುವುದು, ಬಹುಕಾಲ ಇರಬಹುದಾದುದು ಕ್ರಾನಿಕ್. ನಿನ್ನೆ ಬಂದ ಕೆಮ್ಮು ಅಕ್ಯೂಟ್, ಸಕ್ಕರೆ ಕಾಯಿಲೆ ಕ್ರಾನಿಕ್.

ನೆಗಟಿವ್, ಬಿನೈನ್: 'ದ ರಿಪೋರ್ಟ್ ಇಸ್ ನೆಗಟಿವ್' ಎಂದರೆ ಯಾವ ರೋಗವನ್ನು ಹುಡುಕಿದರೋ ಅದು ಸಿಗಲಿಲ್ಲವೆಂದು. 'ದ ಲಂಪ್ ಇಸ್ ಬಿನೈನ್' ಎಂದರೆ ಗಡ್ಡೆಯು ಕ್ಯಾನ್ಸರಿನದಲ್ಲವೆಂದು. ಮೊದಲ ಶಬ್ದದಲ್ಲಿ 'ಇಲ್ಲ' ಎಂಬುದು ಕೇಳಿಸುತ್ತದೆ, ಎರಡನೆಯದು ಯಾವುದೋ ಭಯಂಕರ ಹೆಸರಿನಂತೆ ತೋರುತ್ತದೆ. ಎರಡೂ ಶುಭ ಸುದ್ದಿಗಳೇ. ಬೇಡದ ರಾತ್ರಿಯ ಜಾಗರಣೆಯನ್ನು ಇವುಗಳ ಒಂದೊಂದು ಸಾಲಿನ ವ್ಯಾಖ್ಯೆ ತಪ್ಪಿಸಬಲ್ಲದು.

ಮೇ, ಷಲ್: ನಿಯಮಾವಳಿಗಳಲ್ಲಿ ಬರುವ ಈ ಪುಟ್ಟ ಶಬ್ದಗಳ ಮೇಲೆ ನಮ್ಮ ಕಚೇರಿಗಳೇ ನಿಂತಿವೆ. 'ದ ಮೆಂಬರ್ ಷಲ್ ಪೇ' ಎಂದರೆ ಸದಸ್ಯನು ಕಟ್ಟತಕ್ಕದ್ದು. 'ದ ಕಮಿಟಿ ಮೇ ಅಲೌ' ಎಂದರೆ ಸಮಿತಿಯು ಅವಕಾಶ ಕೊಡಬಹುದು, ಕೊಡದೆಯೂ ಇರಬಹುದು. ಸಾಮಾನ್ಯವಾಗಿ ಮೊದಲನೆಯದರಲ್ಲಿ ಬಿಡುಗಡೆಯಿಲ್ಲ. ಎರಡನೆಯದರಲ್ಲಿ ಅರ್ಜಿ ಹಾಕಲು ಜಾಗವಿದೆ.

ರಿವರ್ಟ್: ಇದರ ಮೂಲ ಅರ್ಥ ಹಿಂದಿನ ಸ್ಥಿತಿಗೆ ಮರಳುವುದು. ಇತ್ತೀಚೆಗೆ ನಮ್ಮ ದೇಶದಲ್ಲಿ 'ಪ್ಲೀಸ್ ರಿವರ್ಟ್' ಎಂದರೆ 'ಉತ್ತರ ಬರೆಯಿರಿ' ಎಂದಾಗಿದೆ. ಖಾಸಗಿ ಕಂಪನಿಯ ತರುಣರು ಇದನ್ನು ದಿನಕ್ಕೆ ಹತ್ತು ಸಲ ಬರೆಯುತ್ತಾರೆ. ಸರಕಾರಿ ನೌಕರರಿಗೆ ಮಾತ್ರ ಆ ಶಬ್ದ ಕಂಡರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಸೇವಾ ನಿಯಮಗಳಲ್ಲಿ 'ರಿವರ್ಟ್' ಆಗುವುದೆಂದರೆ ಬಡತಿ ಪಡೆದವನು ಹಳೆಯ ಕೆಳಗಿನ ಹುದ್ದೆಗೆ ಹಿಂದಿರುಗುವುದು!

ಸ್ಯಾಂಕ್ಷನ್: ಒಪ್ಪಿಗೆಗೂ ಇದೇ ಶಬ್ದ, ದಂಡನೆಗೂ ಇದೇ ಶಬ್ದ. 'ದ ಲೋನ್ ಇಸ್ ಸ್ಯಾಂಕ್ಷನ್ಡ್' ಎಂದರೆ ಸಾಲ ಮಂಜೂರಾಗಿದೆ. ವೃತ್ತಪತ್ರಿಕೆಯಲ್ಲಿ ಒಂದು ದೇಶದ ಮೇಲೆ 'ಸ್ಯಾಂಕ್ಷನ್ಸ್' ಎಂದು ಬಂದರೆ ನಿರ್ಬಂಧ ಹೇರಿದ್ದಾರೆಂದರ್ಥ. ಯಾವುದು ಎಲ್ಲಿ ಎಂಬುದನ್ನು ತಿಳಿಸುವುದು ವಾಕ್ಯವೇ ಹೊರತು ಶಬ್ದವಲ್ಲ.

ಹೋಟೆಲ್: ಇದನ್ನು ಈ ಊರಿನಲ್ಲಿ ನೆಲೆಯೂರಿಸಿದವರಲ್ಲಿ ನಮ್ಮವರು ಮುಖ್ಯರಾದುದರಿಂದ ಬಿಡುವಂತಿಲ್ಲ. ಇಂಗ್ಲಿಷಿನ ಹೋಟೆಲ್ ಹಣ ಕೊಟ್ಟು ತಂಗುವ ಮನೆ. ಉಡುಪಿ ಹೋಟೆಲಿನಲ್ಲಿ ತಂಗುವ ಮಾತಿಲ್ಲ. ಇಡ್ಲಿ, ಕಾಫಿ ಮುಗಿಸಿ ಎದ್ದು ಬರತಕ್ಕದ್ದು. ಅಂತಹ ಜಾಗಕ್ಕೆ ಇಂಗ್ಲಿಷಿನವರು 'ರೆಸ್ಟೊರೆಂಟ್' ಎನ್ನುತ್ತಾರೆ. ನಮ್ಮ ಬಳಕೆ ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಪರದೇಶಕ್ಕೆ ಹೋದ ಮಗನು 'ಹೋಟೆಲ್ ಸಿಕ್ಕಿತು' ಎಂದು ಬರೆದರೆ ಊಟ ಸಿಕ್ಕಿತೋ ಹಾಸಿಗೆ ಸಿಕ್ಕಿತೋ ಎಂಬುದನ್ನು ತಾಯಿಯಾದವಳು ಕೇಳಿ ತಿಳಿದುಕೊಳ್ಳಬೇಕು.

ನಿಘಂಟುಗಳನ್ನು ಮಾಡಿದ ಮಹನೀಯರು

ಅರ್ಥ ಹೇಳುವ ಕೆಲಸ ಎಷ್ಟು ಕಷ್ಟದ್ದೆಂಬುದು ನಿಘಂಟುಗಳ ಚರಿತ್ರೆಯನ್ನು ನೋಡಿದರೆ ತಿಳಿಯುತ್ತದೆ. 1755ರಲ್ಲಿ ಲಂಡನ್ನಿನಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಅವರು ನಲವತ್ತೆರಡು ಸಾವಿರಕ್ಕೂ ಮಿಕ್ಕ ಶಬ್ದಗಳ ನಿಘಂಟನ್ನು ಹೊರತಂದರು. ಶಬ್ದಗಳ ಬಳಕೆಯನ್ನು ತೋರಿಸಲು ಗ್ರಂಥಗಳಿಂದ ವಾಕ್ಯಗಳನ್ನು ಹೇರಳವಾಗಿ ಎತ್ತಿ ಕೊಟ್ಟದ್ದು ಅವರ ಹಿರಿಮೆ. ಆದರೆ 'ನೆಟ್‌ವರ್ಕ್' ಎಂಬ ಸರಳ ಶಬ್ದಕ್ಕೆ ಅವರು ಬರೆದ ವಿವರಣೆ ಆ ಶಬ್ದಕ್ಕಿಂತ ಹತ್ತು ಪಾಲು ಕಠಿಣವಾಗಿ, ಇಂದಿಗೂ ನಗೆಯ ಮಾತಾಗಿ ಉಳಿದಿದೆ.

ಈ ತೊಡಕಿಗೆ ಪರಿಹಾರ ಹೊಳೆದದ್ದು ಭಾರತದಲ್ಲಿ ಎಂಬುದು ನಮಗೆ ಅಭಿಮಾನದ ವಿಷಯ. ಆಗ ಅಖಂಡ ಬಂಗಾಳದಲ್ಲಿದ್ದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕಲ್ ವೆಸ್ಟ್ ಎಂಬವರು ಬಂಗಾಳಿ ಮಕ್ಕಳು ಇಂಗ್ಲಿಷು ಕಲಿಯಲು ಪಡುವ ಪಾಡನ್ನು ಕಂಡು, ಹೊಸ ಶಬ್ದವನ್ನು ಗೊತ್ತಿರುವ ಶಬ್ದಗಳಿಂದಲೇ ವಿವರಿಸಬೇಕೆಂಬ ವ್ರತ ಹಿಡಿದರು. 1935ರಲ್ಲಿ ಅವರು ಜೊತೆಗಾರರೊಬ್ಬರೊಡನೆ ಹೊರತಂದ ನಿಘಂಟಿನಲ್ಲಿ 1,490 ಸುಲಭ ಶಬ್ದಗಳನ್ನು ಮಾತ್ರ ಬಳಸಿ ಸುಮಾರು 24,000 ಶಬ್ದ ಮತ್ತು ನುಡಿಗಟ್ಟುಗಳ ಅರ್ಥ ಹೇಳಲಾಗಿದೆ.

ಇನ್ನೊಬ್ಬರು ಎ. ಎಸ್. ಹಾರ್ನ್‌ಬಿ. ಇವರು ಜಪಾನಿನಲ್ಲಿ ಇಂಗ್ಲಿಷು ಕಲಿಸುತ್ತಿದ್ದವರು. ಪರಭಾಷೆಯವರಿಗೆಂದೇ ಇಬ್ಬರು ಸಂಗಡಿಗರೊಡನೆ ಇವರು ರಚಿಸಿದ ನಿಘಂಟು 1942ರಲ್ಲಿ, ಜಪಾನಿಗೂ ಬ್ರಿಟನ್ನಿಗೂ ಯುದ್ಧ ನಡೆಯುತ್ತಿದ್ದಾಗ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡಿನವರು ಪ್ರಕಟಿಸಿದರು. ಎಣಿಸಬಹುದಾದ ಶಬ್ದ ಯಾವುದು, ಎಣಿಸಲಾಗದ್ದು ಯಾವುದು ಎಂಬುದನ್ನು ಅದು ಗುರುತು ಹಾಕಿ ತೋರಿಸಿತು. 'ಫರ್ನಿಚರ್ಸ್', 'ಇನ್‌ಫರ್ಮೇಶನ್ಸ್' ಎಂದು ಬರೆಯುವ ನಮ್ಮ ಕಚೇರಿಗಳಿಗೆ ಆ ಗುರುತು ಇಂದಿಗೂ ಬೇಕಾಗಿದೆ. ಮುಂದೆ 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಬಂದ ಕೋಬಿಲ್ಡ್ ನಿಘಂಟು ವ್ಯಾಖ್ಯೆಯನ್ನೂ ಪೂರ್ತಿ ವಾಕ್ಯವಾಗಿಯೇ ಬರೆಯುವ ಪದ್ಧತಿಯನ್ನು ಹಾಕಿತು. ಮನೆಯ ಹಿರಿಯರು ಮಕ್ಕಳಿಗೆ ಅರ್ಥ ಹೇಳುವುದೂ ಹೀಗೆಯೇ ಅಲ್ಲವೆ?

ಕನ್ನಡದಲ್ಲಿಯೂ ಈ ಸೇವೆ ಸಣ್ಣದಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಷ್ಟು ಹಿಂದಿನದು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರದು. 1991ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣದ ಮೂಲಕ ಓದುಗರ ಶಬ್ದಸಂಶಯಗಳನ್ನು ನಿವಾರಿಸಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ನೂರು ವರ್ಷ ದಾಟಿ ಬಾಳಿ 2021ರಲ್ಲಿ ಅವರು ತೀರಿಕೊಂಡರು.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ

ವೆಸ್ಟ್ ಅವರ ಲೆಕ್ಕದಿಂದ ನಾವು ಕಲಿಯತಕ್ಕ ನೀತಿಯೊಂದಿದೆ. ಸುಮಾರು ಒಂದೂವರೆ ಸಾವಿರ ಶಬ್ದಗಳು ಚೆನ್ನಾಗಿ ಕೈವಶವಾದರೆ ಉಳಿದುವನ್ನು ಅವುಗಳ ಸಹಾಯದಿಂದಲೇ ತಿಳಿದುಕೊಳ್ಳಬಹುದು. ದಿನಕ್ಕೆ ಮೂರು ಶಬ್ದ ಕಲಿತರೆ ಎರಡು ವರ್ಷಗಳಲ್ಲಿ ಎರಡು ಸಾವಿರ ದಾಟುತ್ತವೆ. ಹಿಂದೆ ದಕ್ಷಿಣ ಕನ್ನಡದಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮುಂದೆ ಬಂದ ಹುಡುಗರನ್ನು ನೆನೆದರೆ ಇದೇನೂ ದೊಡ್ಡ ತಪಸ್ಸಲ್ಲ.

ಕ್ರಮ ಸುಲಭವಾಗಿದೆ. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಶಬ್ದಗಳನ್ನು ಎಲ್ಲಿಂದಲೋ ತರಬೇಡಿ; ಮನೆಗೆ ಬಂದ ಕಾಗದದಿಂದಲೇ ಆರಿಸಿ. ಮೊದಲು ಶಬ್ದವನ್ನು, ಅದು ಬಂದ ವಾಕ್ಯದ ಸಮೇತ ಬರೆದುಕೊಳ್ಳಿ. ಎರಡನೆಯದಾಗಿ ನಿಘಂಟನ್ನು ನೋಡಿ, ಅದರ ವ್ಯಾಖ್ಯೆಯನ್ನು ನಿಮ್ಮದೇ ಕನ್ನಡದಲ್ಲಿ, ಅಡುಗೆಮನೆಯಲ್ಲಿ ಆಡುವ ಕನ್ನಡದಲ್ಲಿ, ಒಂದು ಪೂರ್ತಿ ವಾಕ್ಯವಾಗಿ ಬರೆಯಿರಿ. ಮೂರನೆಯದಾಗಿ ನಿಮ್ಮ ಮನೆಯವರ ಹೆಸರು ಬರುವಂತೆ ಒಂದು ಇಂಗ್ಲಿಷ್ ವಾಕ್ಯ ಮಾಡಿ. ಮನೆಯವರ ಹೆಸರಿರುವ ವಾಕ್ಯ ಮರೆತುಹೋಗುವುದಿಲ್ಲ. ಭಾನುವಾರ ಆ ವಾರದ ಶಬ್ದಗಳನ್ನು ಒಮ್ಮೆ ತಿರುವಿಹಾಕಿ.

ಮೊಬೈಲಿನಲ್ಲಿ ಒತ್ತಿದೊಡನೆ ಅರ್ಥ ಬರುವಾಗ ನೋಟ್‌ಬುಕ್ಕು ಏಕೆ ಎನ್ನಬಹುದು. ಮೊಬೈಲು ಉಪಯೋಗಿಸಬಾರದೆಂದು ನಾವು ಹೇಳುವುದಿಲ್ಲ. ಈಗ ಒಳ್ಳೆಯ ನಿಘಂಟುಗಳೂ ಅದರಲ್ಲಿಯೇ ಸಿಗುತ್ತವೆ. ಆದರೆ ಮೊದಲ ಸಾಲಿನಲ್ಲಿ ಕಂಡ ಒಂದು ಶಬ್ದಕ್ಕೆ ತೃಪ್ತರಾಗದೆ ಕೆಳಗೆ ಇಳಿದು ವ್ಯಾಖ್ಯೆಯನ್ನೂ ವಾಕ್ಯಗಳನ್ನೂ ಓದಬೇಕು. ಫಾಸ್ಟಿಂಗ್ ಎಂದರೆ ಉಪವಾಸವೆಂದು ಮೊಬೈಲೂ ಹೇಳೀತು. ಅಜ್ಜಿಗೂ ಅದು ಗೊತ್ತಿತ್ತು.

ಈ ಅಭ್ಯಾಸವನ್ನು ಮನೆಮಂದಿ ಕೂಡಿ ಮಾಡಿದರೆ ಇನ್ನೂ ಲಾಭವಿದೆ. ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಇಂಗ್ಲಿಷ್ ವಾಕ್ಯ ಮಾಡುವುದು ಸುಲಭ. ಅರ್ಥವನ್ನು ಕನ್ನಡದಲ್ಲಿ ಹೇಳೆಂದರೆ ತಡವರಿಸುತ್ತದೆ. ಅಜ್ಜಿಗೆ ವಾಕ್ಯ ಕಷ್ಟ. ಆದರೆ ವಿಷಯ ತಿಳಿದರೆ ಅದಕ್ಕೆ ಒಪ್ಪುವ ಕನ್ನಡ ಮಾತು ಬಾಯಲ್ಲಿಯೇ ಇರುತ್ತದೆ. ಮೊಮ್ಮಗ ವಾಕ್ಯ ಕೊಡಲಿ, ಅಜ್ಜಿ ವ್ಯಾಖ್ಯೆ ಕೊಡಲಿ. 'ಒಳಗೆ', 'ವರೆಗೆ' ಎಂಬುವುಗಳ ಭೇದ ಮೊಮ್ಮಗನಿಗೂ, 'ಬೈ', 'ಟಿಲ್' ಎಂಬುವುಗಳ ಭೇದ ಅಜ್ಜಿಗೂ ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಕನ್ನಡವು ಇಂಗ್ಲಿಷ್ ಕಲಿಕೆಗೆ ಅಡ್ಡಿಯೆಂದು ಹೇಳುವವರಿದ್ದಾರೆ. ಅರ್ಥವನ್ನು ಅಳೆಯಲು ನಮ್ಮ ಕೈಯಲ್ಲಿರುವ ಕೊಳಗವೇ ಕನ್ನಡ. ಕೊಳಗವನ್ನು ಎಸೆದವನು ಧಾನ್ಯವನ್ನು ಹೇಗೆ ಅಳೆದಾನು?

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಲೇಖನವನ್ನು ಓದಿ ಮುಗಿಸಿದ ಮೇಲೆ ಕಪಾಟಿನಲ್ಲಿರುವ ಪಾಸ್‌ಬುಕ್ಕು, ಠೇವಣಿಯ ರಸೀದಿಗಳನ್ನು ಒಮ್ಮೆ ಹೊರಗೆ ತೆಗೆಯಿರಿ. ಇಬ್ಬರ ಹೆಸರಿರುವಲ್ಲಿ 'ಐದರ್' ಎಂದಿದೆಯೋ 'ಫಾರ್ಮರ್' ಎಂದಿದೆಯೋ ನೋಡಿರಿ. ನಾಮಿನಿಯ ಜಾಗದಲ್ಲಿ ಯಾರ ಹೆಸರಿದೆಯೆಂಬುದನ್ನೂ ನೋಡಿರಿ. ನೋಡುವಾಗ ಮನೆಯ ಗೃಹಿಣಿಯೂ ಪಕ್ಕದಲ್ಲಿ ಕುಳಿತಿರಲಿ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಆ ಮೂರು ಶಬ್ದಗಳು ಸಾಕು.